ಗೃಹಜಾಲದಲ್ಲಿ ಸ್ಥಿರ ಐಪಿ ವಿಳಾಸ

ಗೃಹಜಾಲದಲ್ಲಿ ಸ್ಥಿರ ಐಪಿ ವಿಳಾಸ ಎಂದರೆ ಮನೆಯೊಂದರ ಒಳಜಾಲಕ್ಕೆ ಸೇರಿದ ಗಣಕಯಂತ್ರ, ಪ್ರಿಂಟರ್, ಕ್ಯಾಮೆರಾ ಮುಂತಾದ ಸಾಧನಕ್ಕೆ ಪ್ರತಿ ಬಾರಿಯೂ ಒಂದೇ ಐಪಿ ವಿಳಾಸ ಇರುವಂತೆ ಮಾಡುವ ವ್ಯವಸ್ಥೆ. ಸಾಮಾನ್ಯವಾಗಿ ಮನೆಯ ರೂಟರ್ ತನ್ನ ಬಳಿಯಿರುವ ವಿಳಾಸಗಳನ್ನು ಡಿಎಚ್‌ಸಿಪಿ ಎಂಬ ಪ್ರೋಟೊಕಾಲ್ ಮೂಲಕ ನಿರ್ದಿಷ್ಟ ಅವಧಿಗೆ ಹಂಚುತ್ತದೆ. ಅವಧಿ ಮುಗಿದ ಬಳಿಕ ಅದೇ ವಿಳಾಸ ಬೇರೊಂದು ಸಾಧನದ ಪಾಲಾಗಬಹುದು. ಮೊಬೈಲ್ ಫೋನಿನಂತೆ ಹೊರಗೆ ಸಂಪರ್ಕಿಸುವುದಷ್ಟನ್ನೇ ಮಾಡುವ ಸಾಧನಗಳಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ಇತರರು ಹುಡುಕಿಕೊಂಡು ಬರಬೇಕಾದ ಸಾಧನಗಳಿಗೆ, ಅಂದರೆ ಪ್ರಿಂಟರ್, ಕಡತ ಸಂಗ್ರಹಣೆಯ ಯಂತ್ರ, ಕಣ್ಗಾವಲು ಕ್ಯಾಮೆರಾ, ಮನೆಯೊಳಗಿನ ಡಿಎನ್‌ಎಸ್ ಸರ್ವರ್ ಇಂಥವುಗಳಿಗೆ, ವಿಳಾಸ ಬದಲಾಗುವುದು ತೊಂದರೆ ಕೊಡುತ್ತದೆ.

ಸ್ಥಿರ ವಿಳಾಸವನ್ನು ಎರಡು ಬಗೆಯಲ್ಲಿ ಏರ್ಪಡಿಸಬಹುದು. ಮೊದಲನೆಯದರಲ್ಲಿ ಸಾಧನದ ಸೆಟ್ಟಿಂಗ್ಸ್‌ನಲ್ಲಿಯೇ ವಿಳಾಸವನ್ನು ಕೈಯಾರೆ ನಮೂದಿಸಲಾಗುತ್ತದೆ. ಎರಡನೆಯದರಲ್ಲಿ ಸಾಧನವು ಎಂದಿನಂತೆ ರೂಟರನ್ನೇ ಕೇಳುತ್ತದೆ, ರೂಟರ್ ಆ ಸಾಧನಕ್ಕೆಂದು ಕಾದಿರಿಸಿದ ವಿಳಾಸವನ್ನು ಕೊಡುತ್ತದೆ. ಹೊರನೋಟಕ್ಕೆ ಫಲ ಒಂದೇ. ಆದರೆ ಯಾವ ವಿಳಾಸ ಯಾರದು ಎಂಬ ಲೆಕ್ಕ ಎಲ್ಲಿರುತ್ತದೆ ಎಂಬುದು ಎರಡರಲ್ಲಿಯೂ ಬೇರೆ. ವಿಳಾಸಕ್ಕೆ ಸಂಬಂಧಿಸಿದ ತೊಂದರೆಗಳು ಹೆಚ್ಚಾಗಿ ಈ ಲೆಕ್ಕವು ಒಂದನ್ನೊಂದು ಅರಿಯದ ಎರಡು ಕಡೆಗಳಲ್ಲಿ ಹಂಚಿಹೋಗುವುದರಿಂದ ಹುಟ್ಟುತ್ತವೆ.

ವಿಳಾಸದ ರಚನೆ

ಐಪಿವಿ4 ವಿಳಾಸವು 32 ಬಿಟ್‌ಗಳ ಒಂದು ಸಂಖ್ಯೆ. ಓದಲು ಅನುಕೂಲವಾಗಲೆಂದು ಅದನ್ನು 0ಯಿಂದ 255ರವರೆಗಿನ ನಾಲ್ಕು ಸಂಖ್ಯೆಗಳಾಗಿ ಒಡೆದು, ನಡುವೆ ಚುಕ್ಕೆಯಿಟ್ಟು ಬರೆಯುತ್ತಾರೆ. ಇದರೊಡನೆ ಬರುವ ಸಬ್‌ನೆಟ್ ಮಾಸ್ಕ್ ವಿಳಾಸದ ಯಾವ ಭಾಗ ಜಾಲದ್ದು, ಯಾವ ಭಾಗ ಸಾಧನದ್ದು ಎಂದು ತಿಳಿಸುತ್ತದೆ. 192.168.1.10 ಎಂಬ ವಿಳಾಸಕ್ಕೆ 255.255.255.0 ಎಂಬ ಮಾಸ್ಕ್ ಇದ್ದರೆ ಮೊದಲ ಮೂರು ಸಂಖ್ಯೆಗಳು ಜಾಲವನ್ನೂ ಕೊನೆಯ 10 ಆ ಜಾಲದೊಳಗಿನ ಸಾಧನವನ್ನೂ ಸೂಚಿಸುತ್ತವೆ. ಇಂಥ ಜಾಲದಲ್ಲಿ 0 ಜಾಲದ ಗುರುತಿಗೂ 255 ಎಲ್ಲರಿಗೂ ಒಮ್ಮೆಲೇ ಕಳುಹಿಸುವ ಪ್ರಸಾರ ಸಂದೇಶಕ್ಕೂ ಮೀಸಲಾಗಿರುವುದರಿಂದ ಬಳಕೆಗೆ ಉಳಿಯುವುದು 254 ವಿಳಾಸಗಳು. ಅವುಗಳಲ್ಲೊಂದು, ವಾಡಿಕೆಯಂತೆ ಮೊದಲನೆಯದು ಅಥವಾ ಕೊನೆಯದು, ರೂಟರ್‌ಗೆ ಸೇರುತ್ತದೆ.

ಮನೆಯೊಳಗಿನ ವಿಳಾಸಗಳು ಖಾಸಗಿ ಬಳಕೆಗೆಂದು ಬಿಟ್ಟಿರುವ ಮೂರು ಶ್ರೇಣಿಗಳಿಂದ ಬರುತ್ತವೆ. 1996ರ ಫೆಬ್ರವರಿಯಲ್ಲಿ ಪ್ರಕಟವಾದ ಆರ್‌ಎಫ್‌ಸಿ 1918 ಇವನ್ನು ನಿಗದಿಪಡಿಸಿದೆ. 10ರಿಂದ ಆರಂಭವಾಗುವ ಸುಮಾರು 1 ಕೋಟಿ 67 ಲಕ್ಷ ವಿಳಾಸಗಳು, 172.16ರಿಂದ 172.31ರವರೆಗಿನ ಸುಮಾರು 10 ಲಕ್ಷ 48 ಸಾವಿರ ವಿಳಾಸಗಳು, 192.168ರಿಂದ ಆರಂಭವಾಗುವ 65,536 ವಿಳಾಸಗಳು ಈ ಮೂರು ಶ್ರೇಣಿಗಳಲ್ಲಿವೆ. ಇವು ಅಂತರಜಾಲದಲ್ಲಿ ಸಂಚರಿಸುವುದಿಲ್ಲ. ಆದ್ದರಿಂದ ಲೋಕದ ಅಸಂಖ್ಯ ಮನೆಗಳಲ್ಲಿ ಏಕಕಾಲಕ್ಕೆ 192.168.1.1 ಎಂಬ ರೂಟರ್ ಇರಲು ಅಡ್ಡಿಯಿಲ್ಲ. ಒಂದು ಮನೆಯೊಳಗೆ ಮಾತ್ರ ಪ್ರತಿ ವಿಳಾಸವೂ ಒಂದೇ ಸಾಧನದ್ದಾಗಿರಬೇಕು.

ಹಿನ್ನೆಲೆ

ಆರಂಭದ ದಿನಗಳಲ್ಲಿ ಎಲ್ಲ ವಿಳಾಸಗಳೂ ಸ್ಥಿರವೇ ಆಗಿದ್ದವು. ಜಾಲಗಳಿಗೆ ಸಂಖ್ಯೆ ಹಂಚುವ ಕೆಲಸವನ್ನು ಜಾನ್ ಪೋಸ್ಟೆಲ್ ನೋಡಿಕೊಳ್ಳುತ್ತಿದ್ದರು. ಸಂಸ್ಥೆಯೊಳಗಿನ ಒಂದೊಂದು ಯಂತ್ರಕ್ಕೂ ಅಲ್ಲಿನ ನಿರ್ವಾಹಕರು ಸಂಖ್ಯೆ ಗೊತ್ತುಮಾಡಿ, ಆ ಯಂತ್ರದ ಕಡತದಲ್ಲಿ ಬರೆದಿಡುತ್ತಿದ್ದರು. ಐಪಿವಿ4 ಇಂದಿನ ರೂಪದಲ್ಲಿ 1981ರ ಸೆಪ್ಟೆಂಬರ್‌ನಲ್ಲಿ ಆರ್‌ಎಫ್‌ಸಿ 791 ಆಗಿ ಪ್ರಕಟವಾಯಿತು. ಡಿಸ್ಕ್ ಇಲ್ಲದ ಯಂತ್ರಗಳು ಬಳಕೆಗೆ ಬಂದಾಗ, ವಿಳಾಸ ಬರೆದಿಡಲು ತಮ್ಮಲ್ಲಿ ಜಾಗವೇ ಇಲ್ಲದ ಅವು ಚಾಲನೆಗೊಳ್ಳುವಾಗ ಬೇರೊಂದು ಯಂತ್ರವನ್ನು ಕೇಳಿ ತಿಳಿದುಕೊಳ್ಳಬೇಕಾಯಿತು. 1984ರ ಆರ್‌ಎಆರ್‌ಪಿ ಹಾಗೂ 1985ರಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ರೂಪಿಸಿದ ಬೂಟ್‌ಪಿ ಈ ಅಗತ್ಯದಿಂದ ಹುಟ್ಟಿದವು. ಬೂಟ್‌ಪಿ ಸರ್ವರ್‌ನಲ್ಲಿ ಒಂದು ಕೋಷ್ಟಕ ಇರುತ್ತಿತ್ತು: ಇಂಥ ಯಂತ್ರಾಂಶ ವಿಳಾಸದ ಯಂತ್ರಕ್ಕೆ ಇಂಥ ಐಪಿ ವಿಳಾಸ. ಇಂದು ಮನೆಯ ರೂಟರ್‌ಗಳಲ್ಲಿ ವಿಳಾಸ ಕಾದಿರಿಸುವ ಪುಟದಲ್ಲಿ ಕಾಣುವುದು ಬಹುಮಟ್ಟಿಗೆ ಅದೇ ಕೋಷ್ಟಕ.

ಬೂಟ್‌ಪಿಯನ್ನು ವಿಸ್ತರಿಸಿ 1993ರಲ್ಲಿ ರಾಲ್ಫ್ ಡ್ರೋಮ್ಸ್ ಬರೆದ ಡಿಎಚ್‌ಸಿಪಿ, 1997ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 2131 ಆಗಿ ಪರಿಷ್ಕೃತಗೊಂಡಿತು. ವಿಳಾಸವನ್ನು ಅವಧಿಗೆ ಮಾತ್ರ ಕೊಟ್ಟು ಹಿಂಪಡೆಯುವುದು ಇದರ ಹೊಸತನ. ಅದೇ ದಾಖಲೆ ಮೂರು ಬಗೆಯ ಹಂಚಿಕೆಯನ್ನು ಹೆಸರಿಸುತ್ತದೆ. ಒಮ್ಮೆ ಕೊಟ್ಟದ್ದನ್ನು ಶಾಶ್ವತವಾಗಿ ಬಿಟ್ಟುಬಿಡುವುದು ಒಂದು, ಅವಧಿಗೆ ಕೊಡುವುದು ಇನ್ನೊಂದು, ನಿರ್ವಾಹಕರು ಮೊದಲೇ ಗೊತ್ತುಮಾಡಿದ್ದನ್ನು ತಲುಪಿಸುವುದು ಮೂರನೆಯದು. ಆದ್ದರಿಂದ ಡಿಎಚ್‌ಸಿಪಿ ಮತ್ತು ಸ್ಥಿರ ವಿಳಾಸ ಪರಸ್ಪರ ವಿರುದ್ಧ ಎಂಬ ಜನಪ್ರಿಯ ತಿಳಿವಳಿಕೆ ಸರಿಯಲ್ಲ.

ಖಾಸಗಿ ಶ್ರೇಣಿಗಳ ಕಲ್ಪನೆಯೂ ವಿವಾದವಿಲ್ಲದೆ ಬಂದದ್ದಲ್ಲ. ಅದರ ಮೊದಲ ರೂಪ 1994ರ ಮಾರ್ಚ್‌ನ ಆರ್‌ಎಫ್‌ಸಿ 1597ರಲ್ಲಿದೆ. ಅದೇ ವರ್ಷದ ಜುಲೈನಲ್ಲಿ ಆರ್‌ಎಫ್‌ಸಿ 1627 ಇದನ್ನು ಕಟುವಾಗಿ ವಿರೋಧಿಸಿತು. ಪ್ರತಿ ವಿಳಾಸವೂ ಲೋಕಕ್ಕೇ ಒಂದು ಎಂಬ ಮೂಲ ನಿಯಮ ಕೈತಪ್ಪುತ್ತದೆ, ಮುಂದೆ ಎರಡು ಖಾಸಗಿ ಜಾಲಗಳು ಕೂಡಬೇಕಾದಾಗ ವಿಳಾಸಗಳು ಡಿಕ್ಕಿಯಾಗುತ್ತವೆ ಎಂಬುದು ಅದರ ಆಕ್ಷೇಪ. ಈ ವಿರೋಧಕ್ಕೆ ಸಹಿ ಹಾಕಿದವರಲ್ಲಿ ಒಬ್ಬರಾದ ಎಲಿಯಟ್ ಲಿಯರ್ ಎರಡು ವರ್ಷಗಳ ಬಳಿಕ ಆರ್‌ಎಫ್‌ಸಿ 1918ರ ಸಹಲೇಖಕರೂ ಆದರು. ಆಕ್ಷೇಪವೇನೂ ಸುಳ್ಳಾಗಲಿಲ್ಲ: ಮನೆಯಿಂದ ವಿಪಿಎನ್ ಮೂಲಕ ಕಚೇರಿಯ ಜಾಲ ಸೇರುವವರಿಗೆ ಎರಡೂ ಕಡೆ 192.168.1 ಎಂಬ ಜಾಲವೇ ಇದ್ದರೆ, ಕಚೇರಿಯ ಸರ್ವರ್‌ಗೆ ಹೊರಟ ಸಂದೇಶವನ್ನು ಗಣಕಯಂತ್ರವು ಮನೆಯೊಳಗೇ ಹುಡುಕುತ್ತ ಉಳಿಯಬಹುದು. ಗೃಹಜಾಲವನ್ನು ಹೊಸದಾಗಿ ಯೋಜಿಸುವವರು 192.168.0 ಮತ್ತು 192.168.1 ಬಿಟ್ಟು, ಉದಾಹರಣೆಗೆ 192.168.73ರಂಥ ಅಷ್ಟಾಗಿ ಬಳಕೆಯಲ್ಲಿಲ್ಲದ ಸಂಖ್ಯೆಯನ್ನು ಆರಿಸಿಕೊಳ್ಳುವುದು ಈ ಕಾರಣಕ್ಕೆ.

ಡಿಎಚ್‌ಸಿಪಿ ಹಂಚಿಕೆಯಲ್ಲಿ ವಿಳಾಸ ಬದಲಾಗುವ ಬಗೆ

ಹೊಸ ಸಾಧನವೊಂದು ಜಾಲಕ್ಕೆ ಸೇರಿದಾಗ ನಾಲ್ಕು ಸಂದೇಶಗಳ ವಿನಿಮಯ ನಡೆಯುತ್ತದೆ. ವಿಳಾಸ ಕೊಡುವವರು ಯಾರಾದರೂ ಇದ್ದಾರೆಯೇ ಎಂದು ಸಾಧನ ಎಲ್ಲರನ್ನೂ ಕೇಳುತ್ತದೆ. ಸರ್ವರ್ ಒಂದು ವಿಳಾಸವನ್ನು ಮುಂದಿಡುತ್ತದೆ. ಸಾಧನ ಅದನ್ನೇ ಕೋರುತ್ತದೆ. ಸರ್ವರ್ ಒಪ್ಪಿಗೆ ಕೊಡುತ್ತದೆ. ಸರ್ವರ್ 67ನೇ ಯುಡಿಪಿ ಪೋರ್ಟ್‌ನಲ್ಲಿಯೂ ಸಾಧನ 68ನೇ ಪೋರ್ಟ್‌ನಲ್ಲಿಯೂ ಕೇಳಿಸಿಕೊಳ್ಳುತ್ತವೆ. ಒಪ್ಪಿಗೆಯೊಡನೆ ಲೀಸ್ ಎನ್ನಲಾಗುವ ಗುತ್ತಿಗೆ ಅವಧಿ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಡಿಎನ್‌ಎಸ್ ಸರ್ವರ್‌ಗಳ ವಿಳಾಸ ಇವೂ ಬರುತ್ತವೆ. ಅವಧಿಯ ಅರ್ಧ ಕಳೆದಾಗ ಸಾಧನ ನವೀಕರಣ ಕೇಳುತ್ತದೆ. ಉತ್ತರ ಬಾರದಿದ್ದರೆ ಎಂಟರಲ್ಲಿ ಏಳು ಭಾಗ ಕಳೆದಾಗ ಯಾವ ಸರ್ವರ್ ಆದರೂ ಸರಿ ಎಂದು ಮತ್ತೆ ಎಲ್ಲರನ್ನೂ ಕೇಳುತ್ತದೆ. 24 ಗಂಟೆಯ ಲೀಸ್ ಆದರೆ ಇವು 12 ಮತ್ತು 21ನೇ ಗಂಟೆಗೆ ಬರುತ್ತವೆ.

ಹೀಗೆ ನವೀಕರಿಸಿಕೊಳ್ಳುತ್ತ ಹೋಗುವ ಸಾಧನದ ವಿಳಾಸ ತಾನಾಗಿ ಬದಲಾಗುವುದಿಲ್ಲ. ಲೀಸ್ ಮುಗಿದ ಮೇಲೂ ಹಿಂದಿನ ವಿಳಾಸ ಖಾಲಿಯಿದ್ದರೆ ಅದನ್ನೇ ಕೊಡಬೇಕೆಂದು ಪ್ರೋಟೊಕಾಲ್ ಸೂಚಿಸುತ್ತದೆ. ಅನೇಕ ರೂಟರ್‌ಗಳಲ್ಲಿ ಬಳಕೆಯಾಗುವ, ಸೈಮನ್ ಕೆಲ್ಲಿ ಬರೆದ ಡಿಎನ್‌ಎಸ್‌ಮಾಸ್ಕ್ ತಂತ್ರಾಂಶವು ಸಾಧನದ ಯಂತ್ರಾಂಶ ವಿಳಾಸದಿಂದಲೇ ಒಂದು ಲೆಕ್ಕ ಹಾಕಿ ಐಪಿ ವಿಳಾಸ ಆರಿಸುತ್ತದೆ. ಹೀಗಾಗಿ ಹಳೆಯ ದಾಖಲೆ ಅಳಿಸಿಹೋದರೂ ಅದೇ ಸಾಧನಕ್ಕೆ ಬಹುತೇಕ ಅದೇ ವಿಳಾಸ ಸಿಗುತ್ತದೆ. ಏನನ್ನೂ ಮಾಡದೆಯೇ ವರ್ಷಗಟ್ಟಲೆ ಪ್ರಿಂಟರ್‌ನ ವಿಳಾಸ ಬದಲಾಗಲಿಲ್ಲ ಎಂಬ ಅನುಭವಕ್ಕೆ ಇದೇ ಕಾರಣ. ಆದರೆ ಇದು ವಾಡಿಕೆಯೇ ಹೊರತು ಖಾತರಿಯಲ್ಲ. ಪ್ರಿಂಟರ್ ರಜೆಯಲ್ಲಿ ಒಂದು ತಿಂಗಳು ಆರಿಸಿದ್ದು, ಆ ನಡುವೆ ಮನೆಗೆ ಬಂದ ನೆಂಟರ ಫೋನುಗಳು ಹಲವು ವಿಳಾಸಗಳನ್ನು ಪಡೆದಿದ್ದರೆ ಹಳೆಯ ವಿಳಾಸ ಕೈತಪ್ಪಬಹುದು. ವಿದ್ಯುತ್ ಹೋಗಿ ಬಂದಾಗ, ಲೀಸ್ ದಾಖಲೆಯನ್ನು ತಾತ್ಕಾಲಿಕ ಸ್ಮೃತಿಯಲ್ಲಷ್ಟೇ ಇಡುವ ರೂಟರ್ ಎಲ್ಲವನ್ನೂ ಮರೆತು ಹೊಸದಾಗಿ ಹಂಚಲು ತೊಡಗುತ್ತದೆ. ಅಷ್ಟು ದಿನ ಕೆಲಸ ಮಾಡುತ್ತಿದ್ದ ಪ್ರಿಂಟರ್ ಗಣಕಯಂತ್ರದ ಪರದೆಯಲ್ಲಿ ಆಫ್‌ಲೈನ್ ಎಂದು ತೋರುತ್ತದೆ. ಪ್ರಿಂಟರ್‌ನಲ್ಲಿ ದೋಷ ಹುಡುಕುತ್ತ ಕೂರುವವರು ಕಾರಣ ವಿಳಾಸದಲ್ಲಿದೆ ಎಂದು ಊಹಿಸುವುದು ಕಡಿಮೆ.

ಸಾಧನದಲ್ಲಿಯೇ ನಮೂದಿಸುವುದು

ಈ ವಿಧಾನದಲ್ಲಿ ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಡಿಎನ್‌ಎಸ್ ಸರ್ವರ್ ಎಂಬ ನಾಲ್ಕನ್ನೂ ಬಳಕೆದಾರರೇ ತುಂಬಬೇಕು. ಮೊದಲಿಗೆ ಡಿಎಚ್‌ಸಿಪಿ ಮೂಲಕ ಈಗಾಗಲೇ ಸಿಕ್ಕಿರುವ ವಿವರಗಳನ್ನು ಬರೆದಿಟ್ಟುಕೊಂಡು, ವಿಳಾಸದ ಕೊನೆಯ ಸಂಖ್ಯೆಯೊಂದನ್ನು ಮಾತ್ರ ಬದಲಿಸಿ, ಉಳಿದ ಮೂರನ್ನು ಹಾಗೆಯೇ ನಕಲು ಮಾಡುವುದು ಸುರಕ್ಷಿತ ಕ್ರಮ. ವಿಂಡೋಸ್‌ನಲ್ಲಿ ಈ ವಿವರಗಳನ್ನು ಐಪಿಕಾನ್ಫಿಗ್ ಆದೇಶ ತೋರಿಸುತ್ತದೆ. ಮ್ಯಾಕ್‌ಓಎಸ್‌ನಲ್ಲಿ ವಿಳಾಸವನ್ನು ಮಾತ್ರ ಕೈಯಾರೆ ಕೊಟ್ಟು ಉಳಿದದ್ದನ್ನು ಡಿಎಚ್‌ಸಿಪಿಯಿಂದ ಪಡೆಯುವ ನಡುಮಾರ್ಗದ ಆಯ್ಕೆಯೂ ಇದೆ. ಲಿನಕ್ಸ್‌ನಲ್ಲಿ ವಿತರಣೆಗೆ ತಕ್ಕಂತೆ ನೆಟ್‌ವರ್ಕ್‌ಮ್ಯಾನೇಜರ್, ನೆಟ್‌ಪ್ಲಾನ್ ಮುಂತಾದ ತಂತ್ರಾಂಶಗಳು ಈ ಕೆಲಸ ನೋಡಿಕೊಳ್ಳುತ್ತವೆ. ಹಳೆಯ ಸೂಚನೆಗಳನ್ನು ಅನುಸರಿಸುವಾಗ ಇಲ್ಲಿ ಎಚ್ಚರ ಬೇಕು. ರಾಸ್ಪ್‌ಬೆರಿ ಪೈ ಓಎಸ್ 2023ರ ಬುಕ್‌ವರ್ಮ್ ಆವೃತ್ತಿಯಿಂದ ನೆಟ್‌ವರ್ಕ್‌ಮ್ಯಾನೇಜರ್‌ಗೆ ಬದಲಾದ್ದರಿಂದ, ಅದಕ್ಕೂ ಮುಂಚಿನ ಪಾಠಗಳಲ್ಲಿ ಹೇಳಿರುವ ಡಿಎಚ್‌ಸಿಪಿಸಿಡಿ ಕಡತವನ್ನು ತಿದ್ದಿದರೆ ಏನೂ ಆಗುವುದಿಲ್ಲ, ದೋಷಸಂದೇಶವೂ ಬರುವುದಿಲ್ಲ.

ನಾಲ್ಕರಲ್ಲಿ ಯಾವುದು ತಪ್ಪಿದರೆ ಯಾವ ಲಕ್ಷಣ ಎಂಬುದು ಬೇರೆ ಬೇರೆ. ಗೇಟ್‌ವೇ ತಪ್ಪಿದರೆ ಮನೆಯೊಳಗಿನ ಪ್ರಿಂಟರ್ ಕೆಲಸ ಮಾಡುತ್ತದೆ, ಅಂತರಜಾಲ ಸಿಗುವುದಿಲ್ಲ. ಡಿಎನ್‌ಎಸ್ ತಪ್ಪಿದರೆ ಸಂಖ್ಯೆಯ ವಿಳಾಸಕ್ಕೆ ಪಿಂಗ್ ಮಾಡಿದಾಗ ಉತ್ತರ ಬರುತ್ತದೆ, ಆದರೆ ಹೆಸರಿನಿಂದ ಕರೆದ ಯಾವ ಜಾಲತಾಣವೂ ತೆರೆಯುವುದಿಲ್ಲ. ಮಾಸ್ಕ್ ತಪ್ಪಿದರೆ ಕೆಲವು ಸಾಧನಗಳು ಕಾಣಿಸಿ ಕೆಲವು ಕಾಣಿಸದಿರುವ ವಿಚಿತ್ರ ಸ್ಥಿತಿ ಉಂಟಾಗಬಹುದು. ಡಿಎಚ್‌ಸಿಪಿಗೆ ಹೊಂದಿಸಿದ ಸಾಧನಕ್ಕೆ ಎಲ್ಲಿಂದಲೂ ಉತ್ತರ ಬಾರದಿದ್ದಾಗ ಅದು 169.254ರಿಂದ ಆರಂಭವಾಗುವ ವಿಳಾಸವನ್ನು ತಾನೇ ಹಾಕಿಕೊಳ್ಳುತ್ತದೆ. ಈ ಸಂಖ್ಯೆ ಕಂಡರೆ ದೋಷ ಸಾಧನದಲ್ಲಲ್ಲ, ಅದಕ್ಕೂ ರೂಟರ್‌ಗೂ ನಡುವಿನ ಮಾತುಕತೆಯಲ್ಲಿದೆ ಎಂದು ತಿಳಿಯಬೇಕು.

ನೇರ ನಮೂದಿನ ಮುಖ್ಯ ಅನುಕೂಲವೆಂದರೆ ಸಾಧನವು ಯಾರನ್ನೂ ಕಾಯಬೇಕಾಗಿಲ್ಲ. ಮನೆಯ ಡಿಎಚ್‌ಸಿಪಿ ಅಥವಾ ಡಿಎನ್‌ಎಸ್ ಕೆಲಸವನ್ನು ರೂಟರ್‌ಗೆ ಬದಲಾಗಿ ಬೇರೆ ಯಂತ್ರಕ್ಕೆ ವಹಿಸಿದ್ದರೆ ಆ ಯಂತ್ರಕ್ಕೆ ಈ ವಿಧಾನವೇ ತಕ್ಕದ್ದು. ವಿಳಾಸ ಹಂಚುವ ಯಂತ್ರವೇ ವಿಳಾಸಕ್ಕಾಗಿ ಇನ್ನೊಬ್ಬರನ್ನು ಕೇಳುವಂತಿಲ್ಲ. ಅನನುಕೂಲ ತಿರುಗಾಡುವ ಸಾಧನಗಳಲ್ಲಿ ಎದ್ದು ಕಾಣುತ್ತದೆ. ಮನೆಯ ವಿಳಾಸವನ್ನು ಕೈಯಾರೆ ಹಾಕಿಸಿಕೊಂಡ ಲ್ಯಾಪ್‌ಟಾಪ್, ಆ ಸೆಟ್ಟಿಂಗ್ ಮನೆಯ ಜಾಲಕ್ಕಷ್ಟೇ ಸೀಮಿತವಾಗಿರದಿದ್ದರೆ, ಕಾಲೇಜಿನಲ್ಲೋ ಕಚೇರಿಯಲ್ಲೋ ಸಂಪರ್ಕ ಪಡೆಯದೆ ಕೂರುತ್ತದೆ.

ರೂಟರ್‌ನಲ್ಲಿ ಕಾದಿರಿಸುವುದು

ಜಾಲಕ್ಕೆ ಸೇರುವ ಪ್ರತಿ ಈಥರ್ನೆಟ್ ಅಥವಾ ವೈಫೈ ಅಂತರಸಂಪರ್ಕಕ್ಕೂ ಮ್ಯಾಕ್ ವಿಳಾಸ ಎಂಬ 48 ಬಿಟ್‌ಗಳ ಗುರುತು ಇರುತ್ತದೆ. ಎರಡೆರಡು ಹೆಕ್ಸಾಡೆಸಿಮಲ್ ಅಂಕಿಗಳ ಆರು ಜೋಡಿಗಳಾಗಿ ಬರೆಯುವ ಇದನ್ನು ಸಾಧನದ ಬೆನ್ನಿನ ಚೀಟಿಯಲ್ಲಿಯೋ ರೂಟರ್‌ನ ಸಾಧನಪಟ್ಟಿಯಲ್ಲಿಯೋ ನೋಡಬಹುದು. ರೂಟರ್‌ನ ನಿರ್ವಹಣಾ ಪುಟದಲ್ಲಿ ಈ ಗುರುತಿಗೂ ಐಪಿ ವಿಳಾಸಕ್ಕೂ ಗಂಟು ಹಾಕಿದರೆ ಕೆಲಸ ಮುಗಿಯಿತು. ತಯಾರಕರು ಇದನ್ನು ಅಡ್ರೆಸ್ ರಿಸರ್ವೇಶನ್, ಸ್ಟ್ಯಾಟಿಕ್ ಲೀಸ್, ಐಪಿ ಮ್ಯಾಕ್ ಬೈಂಡಿಂಗ್ ಎಂದು ನಾನಾ ಹೆಸರುಗಳಿಂದ ಕರೆಯುತ್ತಾರೆ. ಸಾಧನದಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ. ಸೆಟ್ಟಿಂಗ್ಸ್ ಪರದೆಯೇ ಇಲ್ಲದ ಸ್ಮಾರ್ಟ್ ಪ್ಲಗ್‌ನಂಥ ವಸ್ತುಗಳಿಗೂ ಇದು ಅನ್ವಯಿಸುತ್ತದೆ. ಸಾಮಾನ್ಯ ಮನೆಗಳಿಗೆ ಈ ವಿಧಾನವೇ ಮೇಲು, ಏಕೆಂದರೆ ಎಲ್ಲ ವಿಳಾಸಗಳ ಲೆಕ್ಕ ಒಂದೇ ಪುಟದಲ್ಲಿರುತ್ತದೆ.

ಇದಕ್ಕೂ ತನ್ನದೇ ತೊಡಕುಗಳಿವೆ. ಒಂದೇ ಲ್ಯಾಪ್‌ಟಾಪ್‌ನ ಕೇಬಲ್ ಸಂಪರ್ಕಕ್ಕೂ ವೈಫೈಗೂ ಬೇರೆ ಬೇರೆ ಮ್ಯಾಕ್ ವಿಳಾಸಗಳಿರುವುದರಿಂದ, ಒಂದಕ್ಕೆ ಕಾದಿರಿಸಿದ್ದು ಇನ್ನೊಂದಕ್ಕೆ ಸಿಗುವುದಿಲ್ಲ. ಇನ್ನೂ ಹೆಚ್ಚು ಜನರನ್ನು ಕಂಗೆಡಿಸಿರುವುದು ಮ್ಯಾಕ್ ವಿಳಾಸದ ಯಾದೃಚ್ಛಿಕೀಕರಣ. ಬಳಕೆದಾರರು ಹೋದಲ್ಲೆಲ್ಲ ಅವರನ್ನು ಗುರುತಿಸುವುದನ್ನು ತಡೆಯಲೆಂದು ಆಂಡ್ರಾಯ್ಡ್ 10 ಮತ್ತು ಐಓಎಸ್ 14 ಆವೃತ್ತಿಗಳಿಂದ ಫೋನುಗಳು ಪ್ರತಿ ವೈಫೈ ಜಾಲಕ್ಕೂ ಕಲ್ಪಿತ ಮ್ಯಾಕ್ ವಿಳಾಸವೊಂದನ್ನು ಸೃಷ್ಟಿಸಿಕೊಳ್ಳುತ್ತವೆ. ಫೋನಿನ ನಿಜವಾದ ವಿಳಾಸವನ್ನು ನೋಡಿ ಕಾದಿರಿಸಿದವರಿಗೆ ಆ ಕಾದಿರಿಸುವಿಕೆ ಎಂದೂ ಜಾರಿಗೆ ಬಾರದೆ ಉಳಿಯುತ್ತದೆ. ಇಂಥ ಕಲ್ಪಿತ ವಿಳಾಸವನ್ನು ಗುರುತಿಸುವುದು ಸುಲಭ: ಅದರ ಎರಡನೆಯ ಅಂಕಿ 2, 6, ಎ ಅಥವಾ ಇ ಆಗಿರುತ್ತದೆ. ಸ್ಥಿರ ವಿಳಾಸ ಬೇಕೆನಿಸಿದರೆ ಮನೆಯ ಜಾಲಕ್ಕೆ ಮಾತ್ರ ಈ ಸೌಲಭ್ಯವನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು.

ವಿಳಾಸ ಘರ್ಷಣೆ

ಸ್ಥಿರ ವಿಳಾಸ ಕೊಡುವಾಗ ಆಗುವ ಅತಿ ಸಾಮಾನ್ಯ ತಪ್ಪು, ರೂಟರ್ ಹಂಚುತ್ತಿರುವ ಶ್ರೇಣಿಯೊಳಗಿನ ಸಂಖ್ಯೆಯನ್ನೇ ಸಾಧನದಲ್ಲಿ ಕೈಯಾರೆ ಬರೆಯುವುದು. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೂಟರ್ ತಂತ್ರಾಂಶದ ಪೂರ್ವನಿಗದಿ ಸೆಟ್ಟಿಂಗ್ ಪ್ರಕಾರ ರೂಟರ್ 192.168.1.1 ಆಗಿದ್ದು, ಹಂಚಿಕೆ 100ರಿಂದ 249ರವರೆಗೆ ನಡೆಯುತ್ತದೆ. ಇಲ್ಲಿ ಪ್ರಿಂಟರ್‌ಗೆ 192.168.1.10 ಕೊಟ್ಟರೆ ಅಡ್ಡಿಯಿಲ್ಲ. ಬದಲಿಗೆ 192.168.1.120 ಬರೆದರೆ ಆ ವಿಷಯ ರೂಟರ್‌ಗೆ ಗೊತ್ತಿರುವುದಿಲ್ಲ. ಒಂದಲ್ಲ ಒಂದು ದಿನ ಅದು 120ನ್ನು ಬೇರೆಯವರಿಗೆ ಕೊಡಬಹುದು. ಕೊಡುವ ಮುನ್ನ ಆ ವಿಳಾಸಕ್ಕೆ ಪಿಂಗ್ ಮಾಡಿ ಯಾರಾದರೂ ಉತ್ತರಿಸುತ್ತಾರೆಯೇ ಎಂದು ನೋಡುವ ಅಭ್ಯಾಸ ಡಿಎಚ್‌ಸಿಪಿ ಸರ್ವರ್‌ಗಳಿಗೆ ಇದೆಯಾದರೂ, ಆ ಹೊತ್ತಿನಲ್ಲಿ ಪ್ರಿಂಟರ್ ಆರಿದ್ದರೆ ಅಥವಾ ಯಂತ್ರದ ಫೈರ್‌ವಾಲ್ ಪಿಂಗನ್ನು ತಡೆದಿದ್ದರೆ ಪರೀಕ್ಷೆ ವಿಫಲವಾಗುತ್ತದೆ.

ಒಂದೇ ವಿಳಾಸ ಇಬ್ಬರಲ್ಲಿದ್ದಾಗ ನಡೆಯುವುದನ್ನು ತಿಳಿಯಲು ಎಆರ್‌ಪಿ ಎಂಬ ಪ್ರೋಟೊಕಾಲ್‌ನ ಪರಿಚಯ ಬೇಕು. ಡೇವಿಡ್ ಪ್ಲಮ್ಮರ್ 1982ರಲ್ಲಿ ರೂಪಿಸಿದ ಇದರಲ್ಲಿ, ಸಂದೇಶ ಕಳುಹಿಸಬೇಕಾದ ಯಂತ್ರವು ಇಂಥ ಐಪಿ ವಿಳಾಸ ಯಾರದು ಎಂದು ಇಡೀ ಒಳಜಾಲವನ್ನು ಕೇಳುತ್ತದೆ. ಅದನ್ನು ಹೊಂದಿರುವ ಸಾಧನ ತನ್ನ ಮ್ಯಾಕ್ ವಿಳಾಸವನ್ನು ಹೇಳುತ್ತದೆ. ಕೇಳಿದವರು ಆ ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಡುತ್ತಾರೆ. ಇಬ್ಬರು ಉತ್ತರಿಸಿದರೆ ಕೇಳಿದ ಯಂತ್ರ ಯಾರಾದರೊಬ್ಬರ ಮಾತನ್ನು ನಂಬುತ್ತದೆ, ಕೆಲವು ನಿಮಿಷಗಳ ಬಳಿಕ ಮತ್ತೊಬ್ಬರದನ್ನು. ಮುದ್ರಣವಾಗಬೇಕಾದ ಪುಟ ಒಮ್ಮೆ ಪ್ರಿಂಟರ್‌ಗೂ ಒಮ್ಮೆ ಯಾರದೋ ಫೋನಿಗೂ ಹೋಗುತ್ತದೆ. ದೋಷ ಬಂದು ಹೋಗುತ್ತಿರುವುದರಿಂದ ಪತ್ತೆ ಕಷ್ಟ. 2008ರ ಆರ್‌ಎಫ್‌ಸಿ 5227 ವಿಳಾಸ ಬಳಸುವ ಮುನ್ನವೇ ಎಆರ್‌ಪಿ ಮೂಲಕ ವಿಚಾರಿಸಿ ಘರ್ಷಣೆ ತಪ್ಪಿಸುವ ಕ್ರಮವನ್ನು ವಿವರಿಸಿದೆ. ಈಗಿನ ಕಾರ್ಯನಿರ್ವಹಣಾ ವ್ಯವಸ್ಥೆಗಳು ಇಂಥ ವಿಚಾರಣೆ ನಡೆಸಿ ಎಚ್ಚರಿಕೆ ನೀಡುತ್ತವೆ; ಅಗ್ಗದ ಕ್ಯಾಮೆರಾ, ಪ್ಲಗ್‌ಗಳಿಂದ ಅದನ್ನು ನಿರೀಕ್ಷಿಸುವಂತಿಲ್ಲ. ಅನುಮಾನ ಬಂದಾಗ ಮಾಡಬಹುದಾದ ಸರಳ ಪರೀಕ್ಷೆಯೆಂದರೆ, ಆ ಸಾಧನವನ್ನು ಆರಿಸಿ ಅದರ ವಿಳಾಸಕ್ಕೆ ಪಿಂಗ್ ಮಾಡುವುದು. ಆರಿಸಿದ ಮೇಲೂ ಉತ್ತರ ಬಂದರೆ ವಿಳಾಸ ಇನ್ನೊಬ್ಬರ ಬಳಿಯೂ ಇದೆ.

ಪೋರ್ಟ್ ಫಾರ್ವರ್ಡಿಂಗ್ ಮತ್ತು ಭದ್ರತೆ

ಹೊರಗಿನಿಂದ ಮನೆಯ ಕ್ಯಾಮೆರಾ ಅಥವಾ ಗಣಕಯಂತ್ರವನ್ನು ತಲುಪಲು ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ನಿಯಮ ಬರೆಯುವ ರೂಢಿಯಿದೆ. ಹೊರಗಿನಿಂದ ಇಂಥ ಪೋರ್ಟ್‌ಗೆ ಬಂದದ್ದನ್ನು ಒಳಗಿನ ಇಂಥ ವಿಳಾಸಕ್ಕೆ ಕಳುಹಿಸು ಎಂಬುದು ಆ ನಿಯಮ. ಸಾಮಾನ್ಯವಾಗಿ ಅದರಲ್ಲಿ ಸಾಧನದ ಹೆಸರಾಗಲಿ ಮ್ಯಾಕ್ ವಿಳಾಸವಾಗಲಿ ಇರುವುದಿಲ್ಲ, ಐಪಿ ವಿಳಾಸ ಮಾತ್ರ ಇರುತ್ತದೆ. ಆದ್ದರಿಂದ ಕ್ಯಾಮೆರಾದ ವಿಳಾಸ ಬದಲಾಗಿ, ಹಳೆಯ ವಿಳಾಸ ಮನೆಯ ಬೇರೊಂದು ಯಂತ್ರಕ್ಕೆ ಸಿಕ್ಕರೆ, ಅಂತರಜಾಲದಿಂದ ಬರುವ ಸಂಪರ್ಕಗಳು ಆ ಯಂತ್ರದ ಅದೇ ಪೋರ್ಟನ್ನು ತಟ್ಟತೊಡಗುತ್ತವೆ. ಆ ಪೋರ್ಟ್‌ನಲ್ಲಿ ಯಾವ ಸೇವೆಯೂ ಇಲ್ಲದಿದ್ದರೆ ಕ್ಯಾಮೆರಾ ಕಾಣುವುದಿಲ್ಲ ಎಂಬಷ್ಟೇ ನಷ್ಟ. ಸೇವೆಯಿದ್ದರೆ, ಮನೆಯವರ ಅರಿವಿಗೆ ಬಾರದೆಯೇ ಅದು ಹೊರಗಿನವರಿಗೆ ತೆರೆದುಕೊಂಡಿರುತ್ತದೆ. ಸ್ಥಿರ ವಿಳಾಸ ಅನುಕೂಲವೆನ್ನುವುದನ್ನು ಮೀರಿ ಅನಿವಾರ್ಯವಾಗುವುದು ಇಲ್ಲಿ. ಸಾಧನವನ್ನು ಮಾರಿದಾಗ ಅಥವಾ ಎಸೆದಾಗ ಕಾದಿರಿಸಿದ ವಿಳಾಸದ ಜೊತೆಗೆ ಅದರ ಫಾರ್ವರ್ಡಿಂಗ್ ನಿಯಮವನ್ನೂ ಅಳಿಸಬೇಕಾದದ್ದು ಇದೇ ಕಾರಣಕ್ಕೆ.

ಆದರೆ ಸ್ಥಿರ ವಿಳಾಸವೇ ಒಂದು ಭದ್ರತೆ ಎಂದು ಭಾವಿಸುವುದು ತಪ್ಪು. ಮಕ್ಕಳ ಟ್ಯಾಬ್ಲೆಟ್‌ನ ವಿಳಾಸಕ್ಕೆ ರಾತ್ರಿ ಹತ್ತರ ಮೇಲೆ ಅಂತರಜಾಲ ಬೇಡ ಎಂಬ ನಿಯಮ ಹಾಕಿದ್ದರೆ, ಟ್ಯಾಬ್ಲೆಟ್‌ನ ಸೆಟ್ಟಿಂಗ್ಸ್‌ನಲ್ಲಿ ಇನ್ನೊಂದು ವಿಳಾಸ ಬರೆದುಕೊಂಡ ಮಗು ಆ ನಿಯಮದಿಂದ ಪಾರಾಗುತ್ತದೆ. ಐಪಿ ವಿಳಾಸ ಸಾಧನ ಎಲ್ಲಿದೆ ಎಂದು ಹೇಳುತ್ತದೆ, ಅದು ಯಾರದೆಂದು ಸಾಬೀತುಪಡಿಸುವುದಿಲ್ಲ.

ಸಾರ್ವಜನಿಕ ಸ್ಥಿರ ವಿಳಾಸದಿಂದ ಇರುವ ವ್ಯತ್ಯಾಸ

ಅಂತರಜಾಲ ಸೇವಾ ಸಂಸ್ಥೆಗಳು ಹೆಚ್ಚುವರಿ ಶುಲ್ಕಕ್ಕೆ ನೀಡುವ ಸ್ಟ್ಯಾಟಿಕ್ ಐಪಿ ಬೇರೆಯೇ ವಸ್ತು. ಅದು ರೂಟರ್‌ನ ಹೊರಮುಖದ ವಿಳಾಸ, ಇಡೀ ಅಂತರಜಾಲಕ್ಕೆ ಕಾಣುವಂಥದು. ಮನೆಯೊಳಗೆ ಪ್ರಿಂಟರ್‌ಗೆ ಒಂದೇ ವಿಳಾಸ ಇರಬೇಕೆಂಬುದಕ್ಕೆ ಅದನ್ನು ಕೊಳ್ಳುವ ಅಗತ್ಯವಿಲ್ಲ; ಅದನ್ನು ಕೊಂಡರೂ ಒಳಗಿನ ವಿಳಾಸಗಳು ಸ್ಥಿರವಾಗುವುದಿಲ್ಲ. ಐಪಿವಿ4 ವಿಳಾಸಗಳ ಕೇಂದ್ರ ಸಂಗ್ರಹ 2011ರ ಫೆಬ್ರವರಿ 3ರಂದು ಬರಿದಾಯಿತು. ಭಾರತವೂ ಸೇರಿದ ಏಷ್ಯಾ ಪೆಸಿಫಿಕ್ ಪ್ರದೇಶದ ಏಪ್‌ನಿಕ್ ಸಂಸ್ಥೆ ಅದೇ ಏಪ್ರಿಲ್‌ನಲ್ಲಿ ತನ್ನ ಕೊನೆಯ ದೊಡ್ಡ ಖಂಡವನ್ನು ಮಿತವಾಗಿ ಹಂಚಲು ಆರಂಭಿಸಿತು. ಆ ಬಳಿಕ ಅನೇಕ ಸೇವಾ ಸಂಸ್ಥೆಗಳು ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರಿಸುವ ಕ್ರಮಕ್ಕೆ ಮೊರೆಹೋದವು. ಇದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ಶ್ರೇಣಿಯನ್ನು ಮೀಸಲಿಡಲಾಯಿತು. ರೂಟರ್‌ನ ಹೊರಮುಖದ ವಿಳಾಸ ಈ ಶ್ರೇಣಿಯಲ್ಲಿದ್ದರೆ ಐಪಿವಿ4 ಮೂಲಕ ಪೋರ್ಟ್ ಫಾರ್ವರ್ಡಿಂಗ್ ಫಲ ಕೊಡುವುದಿಲ್ಲ, ಒಳಗಿನ ವಿಳಾಸವನ್ನು ಎಷ್ಟೇ ಸರಿಯಾಗಿ ಸ್ಥಿರಗೊಳಿಸಿದ್ದರೂ.

ರೂಟರ್ ಬದಲಾದಾಗ

ಸೇವಾ ಸಂಸ್ಥೆಯನ್ನು ಬದಲಿಸಿದಾಗ ಸಾಮಾನ್ಯವಾಗಿ ರೂಟರ್ ಕೂಡ ಬದಲಾಗುತ್ತದೆ, ಹೊಸ ರೂಟರ್ ಬೇರೊಂದು ಜಾಲಸಂಖ್ಯೆಯೊಡನೆ ಬರಬಹುದು. ಉದಾಹರಣೆಗೆ ಜಿಯೋಫೈಬರ್‌ನ ರೂಟರ್‌ಗಳು 192.168.29.1 ಎಂಬ ವಿಳಾಸ ಬಳಸುತ್ತವೆ. ಮೊದಲು 192.168.1 ಜಾಲವಿದ್ದ ಮನೆಯಲ್ಲಿ ಡಿಎಚ್‌ಸಿಪಿ ಬಳಸುವ ಸಾಧನಗಳು ತಾವಾಗಿ ಹೊಸ ಜಾಲಕ್ಕೆ ಹೊಂದಿಕೊಳ್ಳುತ್ತವೆ. ಕಾದಿರಿಸಿದ ವಿಳಾಸಗಳ ಕೋಷ್ಟಕವನ್ನು ಮಾತ್ರ ಮತ್ತೆ ಬರೆಯಬೇಕು. ಕೈಯಾರೆ ವಿಳಾಸ ಹಾಕಿದ ಸಾಧನಗಳು ಹಳೆಯ ಜಾಲದಲ್ಲಿಯೇ ಉಳಿದು ಕಣ್ಮರೆಯಾಗುತ್ತವೆ. ಅವುಗಳ ಸೆಟ್ಟಿಂಗ್ಸ್ ಬದಲಿಸಲು ಅವುಗಳನ್ನು ತಲುಪಬೇಕು, ತಲುಪಲು ಸೆಟ್ಟಿಂಗ್ಸ್ ಬದಲಾಗಿರಬೇಕು. ಪರಿಹಾರವೆಂದರೆ ಒಂದು ಗಣಕಯಂತ್ರಕ್ಕೆ ತಾತ್ಕಾಲಿಕವಾಗಿ ಹಳೆಯ ಜಾಲದ, ಬೇರೆ ಯಾರೂ ಬಳಸದ ವಿಳಾಸವೊಂದನ್ನು, ಉದಾಹರಣೆಗೆ 192.168.1.200 ಅನ್ನು ಕೊಟ್ಟು, ಅಲ್ಲಿಂದ ಆ ಸಾಧನದ ಪುಟ ತೆರೆದು ಡಿಎಚ್‌ಸಿಪಿಗೆ ಬದಲಿಸುವುದು. ಹೊಸ ರೂಟರ್‌ನ ಒಳವಿಳಾಸವನ್ನೇ ಹಳೆಯದರಂತೆ ಬದಲಿಸುವುದು ಇನ್ನೂ ಸುಲಭ, ಸೇವಾ ಸಂಸ್ಥೆಯ ರೂಟರ್ ಅದಕ್ಕೆ ಅವಕಾಶ ಕೊಟ್ಟರೆ. ಎರಡಕ್ಕೂ ಹಳೆಯ ವಿಳಾಸಗಳು ನೆನಪಿರಬೇಕು. ಸಾಧನ, ಮ್ಯಾಕ್ ವಿಳಾಸ, ಐಪಿ ವಿಳಾಸಗಳ ಪಟ್ಟಿಯೊಂದನ್ನು ಕಾಗದದ ಮೇಲೆ ಇಟ್ಟಿರುವ ಮನೆಗಳಲ್ಲಿ ಇದು ಅರ್ಧ ಗಂಟೆಯ ಕೆಲಸ.

ಐಪಿವಿ6

ಐಪಿವಿ6ರಲ್ಲಿ ವಿಳಾಸ 128 ಬಿಟ್‌ಗಳದು. ಅದರ ಮೊದಲರ್ಧವನ್ನು ಸಾಮಾನ್ಯವಾಗಿ ರೂಟರ್ ಘೋಷಿಸುತ್ತದೆ, ಉಳಿದರ್ಧವನ್ನು ಸಾಧನ ತಾನೇ ರಚಿಸಿಕೊಳ್ಳುತ್ತದೆ. ಒಂದೇ ಸಾಧನಕ್ಕೆ ಏಕಕಾಲಕ್ಕೆ ಹಲವು ವಿಳಾಸಗಳಿರುವುದು ಇಲ್ಲಿ ಸಹಜ. ಅವುಗಳಲ್ಲಿ ಕೆಲವು ಗೌಪ್ಯತೆಗಾಗಿ ಕಾಲಕಾಲಕ್ಕೆ ಬದಲಾಗುವ ತಾತ್ಕಾಲಿಕ ವಿಳಾಸಗಳು. ಸೇವಾ ಸಂಸ್ಥೆ ಕೊಡುವ ಮೊದಲರ್ಧವೂ ಬದಲಾಗಬಹುದಾದ್ದರಿಂದ ಮನೆಯೊಳಗಿನ ಬಳಕೆಗೆ ಅದನ್ನು ನೆಚ್ಚುವಂತಿಲ್ಲ. ಇದಕ್ಕಾಗಿ 2005ರ ಆರ್‌ಎಫ್‌ಸಿ 4193 ಪ್ರತಿ ಮನೆಯೂ ತಾನೇ ಯಾದೃಚ್ಛಿಕವಾಗಿ ಆರಿಸಿಕೊಳ್ಳಬಹುದಾದ, ಎಫ್‌ಡಿ ಎಂಬ ಅಂಕಿಗಳಿಂದ ಆರಂಭವಾಗುವ ಒಳವಿಳಾಸಗಳನ್ನು ಒದಗಿಸಿದೆ. ಆರಿಸಿಕೊಳ್ಳುವ ಭಾಗ 40 ಬಿಟ್‌ಗಳಷ್ಟು ಉದ್ದವಾಗಿರುವುದರಿಂದ ಎರಡು ಮನೆಗಳ ಆಯ್ಕೆ ಒಂದೇ ಆಗುವ ಸಂಭವ ತೀರಾ ಕಡಿಮೆ. ಆರ್‌ಎಫ್‌ಸಿ 1627 ಎತ್ತಿದ್ದ ಆಕ್ಷೇಪಕ್ಕೆ ಇಲ್ಲಿ ತಡವಾಗಿಯಾದರೂ ಉತ್ತರ ದೊರೆತಿದೆ.

ಹೆಸರಿನ ಮೂಲಕ ಗುರುತಿಸುವುದು

ವಿಳಾಸ ಸ್ಥಿರವಾಗಿರಬೇಕೆಂಬ ಬಯಕೆಯ ಹಿಂದೆ ಎಷ್ಟೋ ಸಲ ಇರುವುದು ಸಾಧನವನ್ನು ಹುಡುಕಲು ಸುಲಭವಾಗಬೇಕೆಂಬ ಬಯಕೆ. ಅದಕ್ಕೆ ಹೆಸರುಗಳೇ ಸಾಕಾಗಬಹುದು. 2013ರಲ್ಲಿ ಆರ್‌ಎಫ್‌ಸಿ 6762 ಆಗಿ ಪ್ರಕಟವಾದ ಎಂಡಿಎನ್‌ಎಸ್ ಪ್ರಕಾರ, ಡಾಟ್ ಲೋಕಲ್ ಎಂದು ಕೊನೆಗೊಳ್ಳುವ ಹೆಸರನ್ನು ಹುಡುಕುವ ಯಂತ್ರ ಒಳಜಾಲದ ಎಲ್ಲರನ್ನೂ ಕೇಳುತ್ತದೆ, ಆ ಹೆಸರಿನ ಸಾಧನ ತನ್ನ ಈಗಿನ ವಿಳಾಸವನ್ನು ತಿಳಿಸುತ್ತದೆ. ವಿಳಾಸ ಬದಲಾದರೂ ಹೆಸರು ಉಳಿಯುತ್ತದೆ. ಈಗಿನ ಬಹುತೇಕ ವೈಫೈ ಪ್ರಿಂಟರ್‌ಗಳಲ್ಲಿ ಈ ಸೌಲಭ್ಯವಿದೆ. ಅತಿಥಿಗಳ ವೈಫೈ ಅಥವಾ ಬೇರೆ ಸಬ್‌ನೆಟ್‌ನಲ್ಲಿರುವ ಯಂತ್ರಕ್ಕೆ ಮಾತ್ರ ಈ ಪ್ರಶ್ನೋತ್ತರ ತಲುಪುವುದಿಲ್ಲ. ಡಿಎಚ್‌ಸಿಪಿಯನ್ನೂ ಡಿಎನ್‌ಎಸ್ಸನ್ನೂ ಒಟ್ಟಿಗೆ ನಿರ್ವಹಿಸುವ ರೂಟರ್‌ಗಳು ಲೀಸ್ ಪಡೆದ ಸಾಧನಗಳ ಹೆಸರನ್ನು ತಾವೇ ದಾಖಲಿಸಿಕೊಂಡು ಉತ್ತರಿಸಬಲ್ಲವು. ಮನೆಯೊಳಗಿನ ಇಂಥ ಹೆಸರುಗಳಿಗಾಗಿ ಹೋಮ್ ಡಾಟ್ ಆರ್ಪಾ ಎಂಬ ವಲಯವನ್ನು 2018ರ ಆರ್‌ಎಫ್‌ಸಿ 8375 ಮೀಸಲಿಟ್ಟಿದೆ.